ತನಗಿಂತ ದೊಡ್ಡದಾದ ನೆಲಹಾಸು

"ಈ ನೆಲಹಾಸು ತನಗಿಂತ ತಾನೇ ದೊಡ್ಡದಾಗಿಬಿಟ್ಟಿದೆಯಲ್ಲಮ್ಮ?"

ಇನ್ಸ್‌ಪೆಕ್ಟರ್ ಇಷ್ಟು ಹೇಳಿ ವರದಿಯ ಹಾಳೆಯನ್ನು ಮೇಜಿನ ಮೇಲಿಟ್ಟರು. ಇಲಾಖೆಯಲ್ಲಿ ಅವರಿಗೆ 'ಆಮೆ' ಎಂದು ಅಡ್ಡಹೆಸರು. ಬೆನ್ನ ಹಿಂದೆ ಎಲ್ಲರೂ ಹಾಗೇ ಕರೆಯುತ್ತಿದ್ದರು, ಮುಖದೆದುರು ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಗೊತ್ತಾದಾಗ ಅವರೇನೂ ಸಿಟ್ಟಾಗಲಿಲ್ಲ. ನಿಧಾನವೇ ಪ್ರಧಾನ ಎಂದುಕೊಂಡು ಮದುವೆಗೂ ನಿಧಾನ ಮಾಡಿದ ಮನುಷ್ಯ ಅವರು.

ಚಿತ್ರತಜ್ಞೆ ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದಳು. ಪೊಲೀಸ್ ಪ್ರಯೋಗಾಲಯಕ್ಕೆ ಬರುವ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಅಳೆಯುವುದು ಅವಳ ಕೆಲಸ. ಮಾತು ಚುರುಕು, ಕಣ್ಣು ಅದಕ್ಕಿಂತ ಚುರುಕು. ತನ್ನ ಅಳತೆಯ ಮೇಲೆ ಯಾರಾದರೂ ಬೆರಳಿಟ್ಟರೆ ಅವಳಿಗೆ ಮೂಗಿನ ತುದಿಯಲ್ಲೇ ಕೋಪ.

"ಹಾಗಂದ್ರೇನು ಸಾರ್?"

"ಕಲೆ ಇರೋ ಜಾಗ ಇಷ್ಟು ಅಂತ ಬರೆದಿದೀರಿ. ಕಲೆ ಇಲ್ಲದ ಜಾಗ ಇಷ್ಟು ಅಂತಾನೂ ಬರೆದಿದೀರಿ. ಎರಡನ್ನೂ ಕೂಡಿದ್ರೆ ಪೂರ್ತಿ ನೆಲಹಾಸು ಬರಬೇಕು ತಾನೆ? ಬೆಳಿಗ್ಗೆ ಹಲ್ಲುಜ್ಜುತ್ತಾ ಕೂಡಿದೆ, ಜಾಸ್ತಿ ಬಂತು. ಇನ್ನೊಂದ್ಸಲ ಕೂಡಿದೆ, ಆಗಲೂ ಜಾಸ್ತೀನೇ. ನಮ್ಮನೆಯವಳು, 'ಮೊದಲು ಆ ಬ್ರಷ್ ಬಾಯಿಂದ ತೆಗೀರಿ, ಲೆಕ್ಕ ಎಲ್ಲೂ ಓಡಿಹೋಗಲ್ಲ' ಅಂದ್ಲು."

ಅವಳು ನಗಲಿಲ್ಲ. ನಗುವ ವಿಷಯವೂ ಅಲ್ಲ. ಇಸ್ತ್ರಿ ಅಂಗಡಿಯ ಹೆಂಗಸಿನ ಗಂಡ ಕಾಣೆಯಾಗಿದ್ದ, ಹೆಣ ಸಿಕ್ಕಿರಲಿಲ್ಲ, ನಡುಮನೆಯ ನೆಲಹಾಸಿನ ತುಂಬ ಅವನ ರಕ್ತವಿತ್ತು, ಆ ಹೆಂಗಸಿನ ತಮ್ಮ ನಿನ್ನೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

ಇಷ್ಟು ರಕ್ತ ಹೋದವನು ಬದುಕಿರಲಾರ ಎಂದು ವೈದ್ಯರು ಬರೆದುಕೊಟ್ಟದ್ದು ಈ ಅಳತೆಯನ್ನು ನಂಬಿಯೇ. ಸಂಜೆಯೊಳಗೆ ತಮ್ಮನ ಮೇಲೆ ಕೊಲೆ ಮೊಕದ್ದಮೆ ಹಾಕಬೇಕೆಂದು ಸಾಹೇಬರ ಆಜ್ಞೆಯಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಸಾಹೇಬರು ಅವರು. ಆಮೆಗೆ ಮಾತ್ರ ಆ ಹುಡುಗನ ಮುಖ ನೋಡಿದಾಗಿನಿಂದ ಲೆಕ್ಕವನ್ನು ಮತ್ತೆ ಕೂಡಿ ನೋಡದೆ ಸಮಾಧಾನವಿರಲಿಲ್ಲ.

ಪರದೆಯ ಮೇಲೆ ನೆಲಹಾಸಿನ ಫೋಟೋ ತೆರೆದುಕೊಂಡಿತು. ತೆಳುವಾದ ಹತ್ತಿಯ ಹಾಸು, ಬೂದು ಬಣ್ಣ, ಅಂಚಿಗೊಂದು ಅಡಿಪಟ್ಟಿ. ಒಂದೊಂದು ಕಲೆಯ ಸುತ್ತಲೂ ಸಣ್ಣ ಹಳದಿ ಗೆರೆ.

"ಕಲೆ ಇರೋ ಕಡೆ ಹೀಗೆ ಸುತ್ತ ಗೆರೆ ಎಳೀತೀನಿ ಸಾರ್. ಗೆರೆ ಒಳಗಿನ ಜಾಗ ಪಕ್ಕದ ಈ ಪಟ್ಟಿಗೆ ಸೇರ್ಕೊಳ್ಳುತ್ತೆ. ಎಲ್ಲಾ ಆದ್ಮೇಲೆ ಅಳತೆ ಅಂತ ಒತ್ತಿದ್ರೆ ಒಂದೊಂದರದ್ದೂ ವಿಸ್ತೀರ್ಣ ಬರುತ್ತೆ. ಅದನ್ನ ಕೂಡಿ ಕೊಟ್ಟಿದೀನಿ. ಕಲೆ ಇಲ್ಲದ ಜಾಗ ಬೇರೆಯಾಗಿ ಅಳೆದಿದ್ದು. ಇದರಲ್ಲಿ ಮೋಸ ಎಲ್ಲಿಂದ ಬಂತು?"

"ಮೋಸ ಅಂದೆನಾ ನಾನು? ಈ ಎರಡು ದೊಡ್ಡ ಕಲೆ ಇದೆಯಲ್ಲ, ಕಿಟಕಿ ಕಡೇದು ಒಂದು, ಗೋಡೆ ಕಡೇದು ಒಂದು. ಮಧ್ಯದಲ್ಲಿ ಒಂದರ ಮೇಲೊಂದು ಹತ್ತಿ ಕೂತಿವೆ. ಆ ಮಧ್ಯದ ಜಾಗ ಯಾರ ಲೆಕ್ಕಕ್ಕೆ ಹೋಯ್ತು?"

ಮೌಸಿನ ಮೇಲಿದ್ದ ಅವಳ ಕೈ ಅಲ್ಲಾಡಲಿಲ್ಲ.

"ಅಯ್ಯೋ," ಎಂದಳು ಮೆಲ್ಲಗೆ. "ಎರಡರ ಲೆಕ್ಕಕ್ಕೂ."

ಕಣ್ಣು ಮಂದವಿದ್ದವರಾಗಿದ್ದರೆ ಎರಡನ್ನೂ ಸೇರಿಸಿ ಹೊರಗಿನಿಂದ ಒಂದೇ ಗೆರೆ ಎಳೆದು ಕೈತೊಳೆದುಕೊಳ್ಳುತ್ತಿದ್ದರು, ಅಳತೆ ಸರಿಹೋಗುತ್ತಿತ್ತು. ಇವಳಿಗೆ ಗೋಡೆ ಕಡೆಯ ಕಲೆಯ ಅಡಿಯಲ್ಲೂ ಕಿಟಕಿ ಕಡೆಯ ಕಲೆಯ ಅಂಚು ಕಂಡಿತ್ತು. ಕಂಡದ್ದನ್ನು ಕಂಡ ಹಾಗೆ ಪೂರ್ತಿ ಸುತ್ತಿದ್ದಳು. ಕಣ್ಣು ಚುರುಕಾದದ್ದೇ ಎಡವಟ್ಟಾಯಿತು.

"ಕೂಡೋಕೆ ಮುಂಚೆ ಒಂದುಗೂಡಿಸಬೇಕಿತ್ತು ಸಾರ್. ನಮ್ಮಲ್ಲಿ ಹೊಸದಾಗಿ ಬಂದವರಿಗೆ ನಾನೇ ಹೇಳಿಕೊಡೋ ಪಾಠ ಇದು." ನಾಲಿಗೆ ಕಚ್ಚಿಕೊಂಡು, ಪಟ್ಟಿಯಲ್ಲಿ ಆ ಎರಡನ್ನೂ ಹಿಡಿದು ಒಂದುಗೂಡಿಸು ಎಂದು ಒತ್ತಿದಳು. ನಡುವಿನ ಗೆರೆಗಳು ಮಾಯವಾಗಿ ಎರಡು ಕಲೆಗೂ ಸೇರಿ ಒಂದೇ ಹೊರಗೆರೆ ಉಳಿಯಿತು. ಮತ್ತೆ ಅಳತೆ ಒತ್ತಿದಳು. ಅಂಕಿ ದಡಕ್ಕನೆ ಇಳಿಯಿತು. ಕೂಡಿ ನೋಡಿದರೆ ನೆಲಹಾಸು ಈಗ ನೆಲಹಾಸಿನಷ್ಟೇ ಇತ್ತು.

"ಜಾಗ ಕಮ್ಮಿ ಆದ್ರೆ ರಕ್ತನೂ ಕಮ್ಮಿ," ಎಂದಳು. "ಇಷ್ಟೇ ಆದ್ರೆ ಮನುಷ್ಯ ಸಾಯಬೇಕು ಅಂತೇನಿಲ್ಲ. ಸಾರ್, ನಾನು ಒಬ್ಬ ಬದುಕಿರೋವನನ್ನ ಕಾಗದದ ಮೇಲೆ ಸಾಯಿಸಿಬಿಟ್ಟಿದ್ದೆ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಎದ್ದು ಕುಣಿಯುತ್ತಿದ್ದರು. ಆಮೆ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ಅವರಿಗೆ ಬರೀ ಗಾದೆಯಲ್ಲ, ಕಾಯಿಲೆ.

"ತಾಳಮ್ಮ. ಆ ಮಧ್ಯದ ಜಾಗ ಒಂದನ್ನೇ ತೋರಿಸೋಕಾಗುತ್ತಾ? ಎರಡಕ್ಕೂ ಸೇರಿದ್ದು ಮಾತ್ರ."

ಆಗುತ್ತಿತ್ತು. ಒಂದುಗೂಡಿಸುವ ಆಜ್ಞೆಯ ಪಕ್ಕದಲ್ಲೇ ಇನ್ನೊಂದು ಆಜ್ಞೆ ಇತ್ತು, ಎರಡೂ ಗೆರೆಗಳ ಒಳಗಿರುವುದನ್ನು ಮಾತ್ರ ಉಳಿಸಿಕೊಳ್ಳುವಂಥದ್ದು. ಅದನ್ನು ಒತ್ತಿದಾಗ ಪರದೆಯ ಮೇಲೆ ಬಾದಾಮಿಯ ಆಕಾರದ ಒಂದು ತುಂಡು ಉಳಿಯಿತು.

"ಈ ಜಾಗದ ಬಣ್ಣ ಎಷ್ಟು ಕಪ್ಪು?"

ಅವಳು ಅಳೆದಳು. ಅಕ್ಕಪಕ್ಕದ ಕಲೆಯನ್ನೂ ಅಳೆದಳು. ಮುಖ ಸಣ್ಣದಾಯಿತು.

"ಹೆಚ್ಚುಕಮ್ಮಿ ಎರಡರಷ್ಟು ಸಾರ್. ಇಲ್ಲಿ ಎರಡು ಪದರ ಇದೆ. ಅಂದ್ರೆ..." ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. "ಅಂದ್ರೆ ಜಾಗ ಕಮ್ಮಿ ಇದ್ರೂ ರಕ್ತ ಕಮ್ಮಿ ಇಲ್ಲ. ಎರಡು ಸಲ ಬಿದ್ದಿದ್ದನ್ನ ಎರಡು ಸಲ ಎಣಿಸಿದ್ದೇ ಸರಿ. ತಪ್ಪು ದಾರೀಲಿ ಹೋಗಿ ಸರಿಯಾದ ಮನೆ ಬಾಗಿಲು ತಟ್ಟಿದ್ದೆ ನಾನು. ಡಾಕ್ಟರ್ ಹೇಳಿದ ಮಾತೇ ನಿಂತಿತು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತ ಹುಡುಗ ಇಬ್ಬರಿಗೂ ನೆನಪಾದ. ಲಿಫ್ಟ್ ರಿಪೇರಿ ಮಾಡುವ ಹುಡುಗ ಅವನು. ಕೈತುಂಬ ಗ್ರೀಸು, ಬಾಯಿತುಂಬ ಒರಟು ಮಾತು. ಭಾವನಿಗೆ ಬೀದಿಯಲ್ಲಿ ನಿಂತು, "ಇನ್ನೊಂದ್ಸಲ ನಮ್ಮಕ್ಕನ ಮೇಲೆ ಕೈಯೆತ್ತಿದ್ರೆ ನಿನ್ನನ್ನ ಉಳಿಸಲ್ಲ" ಎಂದು ಕೂಗಿದ್ದ. ಅದನ್ನು ಕೇಳಿಸಿಕೊಂಡವರು ಇಬ್ಬರು ಸಾಕ್ಷಿಗಳು. ವಿಚಾರಿಸಿದರೆ ಒಬ್ಬಾಕೆ ಕೇಳಿಸಿಕೊಂಡಿದ್ದಳು, ಇನ್ನೊಬ್ಬ ಆಕೆಯಿಂದ ಕೇಳಿದ್ದ. ಒಂದನ್ನೇ ಎರಡು ಸಲ ಎಣಿಸುವ ಚಾಳಿ ಪ್ರಯೋಗಾಲಯದ್ದು ಮಾತ್ರವಲ್ಲ, ಠಾಣೆಯದ್ದೂ ಹೌದು.

ಆಮೆ ಪರದೆಯ ಕಡೆಗೆ ಬಾಗಿದರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲನೇ ಕಲೆಯ ಅಂಚು ಎರಡನೇ ಕಲೆಯ ಕೆಳಗೆ ನಿಮಗೆ ಹೇಗೆ ಕಾಣಿಸ್ತು?"

"ಹೇಗೆ ಅಂದ್ರೆ? ಅಂಚಿನಲ್ಲಿ ಕಪ್ಪು ಗೆರೆ ಇದೆಯಲ್ಲ ಸಾರ್. ಮೇಜಿನ ಮೇಲೆ ಕಾಫಿ ಚೆಲ್ಲಿ ಹಾಗೇ ಬಿಟ್ರೆ, ಒಣಗಿದ್ಮೇಲೆ ಸುತ್ತ ಗಟ್ಟಿಯಾಗಿ..."

ಅವಳು ಮಾತು ನಿಲ್ಲಿಸಿದಳು. ಆಮೆ ಕಾದರು. ಅವರಿಗೆ ಕಾಯುವುದು ಗೊತ್ತಿತ್ತು.

"ಒಣಗಿದ್ಮೇಲೆ," ಎಂದಳು ಇನ್ನೊಮ್ಮೆ. ಫೋಟೋವನ್ನು ದೊಡ್ಡದು ಮಾಡಿ, ಆ ಗೆರೆಯ ಮೇಲೆ ಬೆರಳಿಟ್ಟಳು. "ಹಸಿ ಇದ್ದಾಗಲೇ ಎರಡನೇದು ಬಿದ್ದಿದ್ರೆ ಎರಡೂ ಕಲೆತು ಒಂದಾಗ್ತಿತ್ತು, ಈ ಗೆರೆ ಉಳೀತಾನೇ ಇರಲಿಲ್ಲ. ಮೊದಲನೇದು ಪೂರ್ತಿ ಒಣಗಿತ್ತು ಸಾರ್. ಇಷ್ಟು ದಪ್ಪ ಕಲೆ ಒಣಗೋಕೆ ಒಂದು ದಿನವಾದ್ರೂ ಬೇಕು."

"ಎರಡೂ ಕಲೆ ಅವನದೇ ರಕ್ತ?"

"ಎರಡರಿಂದಲೂ ಮಾದರಿ ತೆಗೆದು ನೋಡಿದಾರೆ. ಅವನದೇ."

"ಕೊಲೆಯಾದವನು ಮಾರನೇ ದಿನ ಎದ್ದು ಬಂದು, ಅದೇ ಜಾಗದಲ್ಲಿ ನಿಂತು, ಮತ್ತೊಂದು ಸಲ ಅಷ್ಟೇ ರಕ್ತ ಸುರಿಸಿ ಹೋಗಲ್ಲಮ್ಮ."

ಕಾಣೆಯಾದವನಿಗೆ ಬೀದಿಯವರು ಇಟ್ಟ ಹೆಸರು 'ಸೂಜಿ'. ರಕ್ತಪರೀಕ್ಷೆಯ ಕೇಂದ್ರದಲ್ಲಿ ಜನರ ತೋಳಿನಿಂದ ರಕ್ತ ಎಳೆಯುವುದು ಅವನ ಉದ್ಯೋಗ. ಇರುವೆ ಕಚ್ಚಿದ ಹಾಗೂ ಆಗುವುದಿಲ್ಲ, ಅಷ್ಟು ನಯವಾದ ಕೈ ಎಂದು ಎಲ್ಲರೂ ಹೊಗಳುತ್ತಿದ್ದರು. ಅಂಥ ಕೈಗೆ ತನ್ನ ತೋಳಿನಿಂದಲೇ ಆಗಾಗ ಒಂದಿಷ್ಟು ಎಳೆದು ಶೀತಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಯಾವ ಮಹಾ ಕೆಲಸ? ತಿಂಗಳುಗಟ್ಟಲೆ ತನ್ನ ಸಾವನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಸಿಟ್ಟಿದ್ದ ಅವನು. ಮೊದಲ ದಿನ ಸುರಿದದ್ದು ಸಾಲದೆನಿಸಿ ಮಾರನೇ ದಿನ ಉಳಿದದ್ದನ್ನೂ ತಂದು ಸುರಿದಿದ್ದ. ಆ ಅತಿಯಾಸೆಯೇ ಅವನನ್ನು ಹಿಡಿದುಕೊಟ್ಟಿತು.

ಚಿತ್ರತಜ್ಞೆ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟವಾಗಿತ್ತು. "ಆ ಹುಡುಗನಿಗೆ ಹೇಳಿ ಸಾರ್," ಎಂದಳು. "ಬೇಗ ಹೇಳಿ."

ಬೇಗ ಎಂಬ ಮಾತು ಆಮೆಯ ಎದೆಗೆ ನೇರವಾಗಿ ತಾಗಿತು. ಅಲ್ಲೇ ನಿಂತು ಠಾಣೆಗೆ ಫೋನ್ ಮಾಡಿದರು.

"ಹುಡುಗನನ್ನ ಬಿಟ್ಟುಬಿಡ್ರೀ. ಬಂಧನ ಇನ್ನೂ ಕಾಗದಕ್ಕೆ ಬಿದ್ದಿಲ್ಲವಲ್ಲ. ಸಾಹೇಬರಿಗೆ ನಾನು ಹೇಳ್ಕೋತೀನಿ. ಮನೆಯವರಿಗೊಂದು ಫೋನ್ ಮಾಡಿ, ಬಂದು ಕರ್ಕೊಂಡು ಹೋಗಲಿ."

"ಈಗಲೇನಾ ಸಾರ್?" ಹೆಡ್ ಕಾನ್ಸ್‌ಟೇಬಲ್‌ಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. "ಇನ್ನೊಂದ್ಸಲ ಯೋಚನೆ ಮಾಡೋಣ ಅಂತೀರೇನೋ ಅಂದ್ಕೊಂಡೆ."

"ಯೋಚನೆ ಎಲ್ಲಾ ಮುಗೀತು. ಈಗಲೇ."

ಜೀವಮಾನದಲ್ಲಿ ಮೊದಲ ಸಲ ಆಮೆ ಓಡಿತು.

ಇಸ್ತ್ರಿ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಒಂದು ಅಗಲವಾದ ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಗೋಡೆಗೆ ತೂಗುಹಾಕಿದ ಅಂಗಿಗಳ ಸಾಲು. ಬಿಸಿಬಟ್ಟೆಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ಒಳಗಿನ ನಡುಮನೆಯ ಬಾಗಿಲಿಗೆ ಪೊಲೀಸರ ಬೀಗ.

ದಾರಿಯುದ್ದಕ್ಕೂ ಆಮೆ ಆ ಹೆಂಗಸಿನ ಮುಖವನ್ನು ಊಹಿಸಿಕೊಂಡು ಬಂದಿದ್ದರು. ತಮ್ಮ ಬಿಡುಗಡೆಯಾದ, ಅವನು ಕೊಲೆಗಾರನಲ್ಲ ಎಂದು ಕೇಳಿದರೆ ಹೇಗೆ ಅರಳಬಹುದು ಎಂದು. ಪೊಲೀಸ್ ಕೆಲಸದಲ್ಲಿ ಒಳ್ಳೆಯ ಸುದ್ದಿ ಹೇಳುವ ಯೋಗ ಬರುವುದು ಅಪರೂಪ. ಫೋನಿನಲ್ಲಿ ಆಗಲೇ ಗೊತ್ತಾಗಿರುತ್ತದೆ, ಆದರೂ ಎದುರಿಗೆ ಹೇಳುವ ಸುಖವೇ ಬೇರೆ ಎಂದುಕೊಂಡಿದ್ದರು.

ಅವಳು ಬಿಳಿ ಅಂಗಿಯೊಂದರ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತಿ ನೋಡಿದಳು. ಮುಖದಲ್ಲಿ ಯಾವ ಸುದ್ದಿಯ ಗುರುತೂ ಇರಲಿಲ್ಲ.

"ನಿಮ್ಮ ಗಂಡ ಸತ್ತಿಲ್ಲ ತಾಯಿ," ಎಂದರು ಆಮೆ. "ಆ ರಕ್ತ ಎಲ್ಲಾ ನಾಟಕ. ಅವನೇ ಎಳೆದು, ಅವನೇ ಸುರಿದಿದ್ದು. ಬದುಕಿದಾನೆ."

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ನಿಂತಲ್ಲೇ ನಿಂತಿತು. ಸುಟ್ಟ ವಾಸನೆ ಬಂತು. ಆಮೆಯೇ ಕೈಚಾಚಿ ಅದನ್ನು ಎತ್ತಿ ನಿಲ್ಲಿಸಿದರು. ಬಿಳಿ ತೋಳಿನ ಮೇಲೆ ಕಂದು ಗುರುತು ಬಿದ್ದಿತ್ತು. ಹೆಂಗಸು ಅದನ್ನು ನೋಡಲೂ ಇಲ್ಲ. ಬಾಗಿಲಿಗೆ ಹೋಗಿ ಬೀದಿಯ ಆ ಕಡೆ ಈ ಕಡೆ ನೋಡಿ, ಅಗಳಿ ಹಾಕಿಕೊಂಡು ಬಂದಳು.

"ಯಾರ್ಯಾರಿಗೆ ಹೇಳಿದ್ರಿ ಇದನ್ನ?"

ಆಮೆ ಅಗಳಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿರಲಿಲ್ಲ."

"ಅನುಮಾನ ಇತ್ತು. ಇದ್ದೂ ಸುಮ್ಮನಿದ್ರಿ. ಒಡಹುಟ್ಟಿದ ತಮ್ಮನ ಕುತ್ತಿಗೆಗೆ ಹಗ್ಗ ಬೀಳೋದ್ರಲ್ಲಿತ್ತು, ನೀವಿಲ್ಲಿ ಇಸ್ತ್ರಿ ಹಾಕ್ತಾ ನಿಂತಿದೀರಿ."

ಆ ಮಾತಿಗೆ ಅವಳು ಅಳಲಿಲ್ಲ. ಮೇಜಿನ ಅಂಚು ಹಿಡಿದು ನಿಂತಳು.

"ಆವತ್ತು ಅವನು ಹೊಡೆದ ಅಂತ ನಾನು ದೊಡ್ಡಮ್ಮನ ಮನೆಗೆ ಓಡಿಹೋಗಿದ್ದೆನಲ್ಲ ಸಾರ್, ಎರಡು ದಿನ ಬಿಟ್ಟು ವಾಪಸ್ ಬಂದಾಗ ನೆಲಹಾಸು ನೋಡಿದೆ. ಸತ್ತೇಹೋದ ಅಂದ್ಕೊಂಡೆ. ಆಮೇಲೆ ಬಾಗಿಲ ಹತ್ತಿರ ನೋಡಿದೆ. ಅವನ ಹಳೇ ಚಪ್ಪಲಿ ಇತ್ತು, ಹೊಸದು ಇರಲಿಲ್ಲ. ಸತ್ತವನಿಗೆ ಹೊಸ ಚಪ್ಪಲಿ ಯಾಕೆ ಸಾರ್?"

"ಇದನ್ನ ಯಾಕೆ ಹೇಳಲಿಲ್ಲ?"

"ನಾಲ್ಕೈದು ತಿಂಗಳಿಂದ ಅವನು ಸುಸ್ತು ಸುಸ್ತು ಅಂತಿದ್ದ. ಮುಖ ಬಿಳಿಚಿಕೊಂಡಿತ್ತು. ಮೊಣಕೈ ಹತ್ತಿರ ಯಾವಾಗಲೂ ಹತ್ತಿ ಅಂಟಿಸಿಕೊಂಡಿರ್ತಿದ್ದ. ಒಂದೊಂದು ದಿನ ಹೊಡೆಯೋಕೂ ತ್ರಾಣ ಇರ್ತಿರಲಿಲ್ಲ. ದೇವರು ಕಣ್ಣುಬಿಟ್ಟ ಅಂದ್ಕೊಂಡಿದ್ದೆ ನಾನು." ಅವಳ ತುಟಿ ಸೊಟ್ಟಗಾಯಿತು. "ಅದಕ್ಕೂ ಮುಂಚೆ, ಬೀದೀಲಿ ನಮ್ಮ ತಮ್ಮ ಅವನ ಮಾನ ಕಳೆದ ದಿನ, ಒಳಗೆ ಬಂದು ತಣ್ಣಗೆ ಒಂದು ಮಾತು ಹೇಳಿದ. 'ನಿನ್ನ ತಮ್ಮನನ್ನ ಮುಗಿಸ್ತೀನಿ. ಆದ್ರೆ ಯಾವ ಪೊಲೀಸೂ ನನ್ನ ಬಾಗಿಲಿಗೆ ಬರದ ಹಾಗೆ ಮುಗಿಸ್ತೀನಿ' ಅಂತ. ಬಾಯಿಗೆ ಬಂದಿದ್ದು ಹೇಳ್ತಾನೆ ಅಂದ್ಕೊಂಡೆ. ಚಪ್ಪಲಿ ನೋಡಿದಾಗ ಅರ್ಥ ಆಯ್ತು. ಸತ್ತವನನ್ನ ಯಾರು ಹುಡುಕ್ತಾರೆ ಸಾರ್? ಸತ್ತವನ ಮೇಲೆ ಯಾರಿಗೆ ಅನುಮಾನ ಬರುತ್ತೆ?"

ಆಮೆಯ ಕಣ್ಣು ಬಾಗಿಲ ಬಳಿಯ ಹಳೇ ಚಪ್ಪಲಿಯ ಮೇಲೆ ಹೋಯಿತು.

"ಅಷ್ಟರಲ್ಲಿ ನೀವು ತಮ್ಮನನ್ನ ಎತ್ತಿ ಹಾಕ್ಕೊಂಡು ಹೋದ್ರಿ. ಬೀದಿಯವರೆಲ್ಲ ಅಯ್ಯೋ ಪಾಪ ಅಂದ್ರು. ನಾನು ಒಳಗೊಳಗೇ ನಿಮಗೆ ಕೈಮುಗಿದೆ. ನಾಲ್ಕು ಗೋಡೆ ಮಧ್ಯೆ, ಪೊಲೀಸರ ಕಣ್ಣೆದುರಿಗೆ ಇದಾನೆ. ಅಲ್ಲಿಗೆ ಅವನ ಕೈ ಹೋಗಲ್ಲ. ಇದು ಅವನ ಲೆಕ್ಕದಲ್ಲೂ ಇರಲಿಲ್ಲ. ನೀವು ಅವನನ್ನ ಹಿಡಿಯೋ ತನಕ ತಮ್ಮ ಒಳಗೇ ಇರಲಿ ಸಾರ್. ಕೊಲೆಗಾರ ಅಂತ ಬೇಕಾದ್ರೆ ಅನ್ನಿಸಿಕೊಳ್ಳಲಿ. ಜೀವ ಇದ್ರೆ ಹೆಸರು ಆಮೇಲೆ ತೊಳ್ಕೋಬಹುದು. ಎಷ್ಟೊಂದು ಕಲೆ ತೊಳೆದಿದೀನಿ ನಾನು."

ಅವಳು ನಿಜವಾಗಿಯೂ ಕೈಮುಗಿದಳು. ಆಮೆಗೆ ಆ ಕೈಗಳನ್ನು ನೋಡಲಾಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮೂವತ್ತು ವರ್ಷ ಕಿರಿಯರಿಗೆ ಹೇಳಿಕೊಂಡು ಬಂದವರು ಅವರು.

"ತಾಯಿ, ಸ್ವಲ್ಪ ಹೊತ್ತಿನ ಮುಂಚೆ ನಿಮಗೆ ಠಾಣೆಯಿಂದ ಫೋನ್ ಬಂತಾ?"

"ಯಾವ ಫೋನು?"

"ನಿಮ್ಮ ಫೋನು."

"ನನ್ನ ಹತ್ತಿರ ಫೋನೆಲ್ಲಿದೆ ಸಾರ್? ಓಡಿಹೋಗೋ ಗಡಿಬಿಡೀಲಿ ಇಲ್ಲೇ ಬಿಟ್ಟುಹೋಗಿದ್ದೆ. ಬಂದು ನೋಡಿದ್ರೆ ಇರಲಿಲ್ಲ. ಹಿಂದೇನೂ ಒಂದನ್ನ ಗೋಡೆಗೆ ಹೊಡೆದು ಚೂರು ಮಾಡಿದ್ದ. ಇದೂ ಹಾಗೇ ಹೋಯ್ತು ಅಂತ ಸುಮ್ಮನಾದೆ. ಯಾಕೆ?"

ಆಮೆ ಆಗಲೇ ಠಾಣೆಯ ಸಂಖ್ಯೆ ಒತ್ತಿದ್ದರು. ಮೊದಲ ರಿಂಗಿಗೇ ಹೆಡ್ ಕಾನ್ಸ್‌ಟೇಬಲ್ ಎತ್ತಿಕೊಂಡ. ಒಳ್ಳೆಯ ಕೆಲಸ ಮಾಡಿದ ಹಿಗ್ಗು ದನಿಯಲ್ಲೇ ಇತ್ತು.

"ನೀವು ಹೇಳಿದ ಹಾಗೇ ಆಯ್ತು ಸಾರ್. ಹುಡುಗನ ಫೋನಲ್ಲಿ 'ಅಕ್ಕ' ಅಂತ ಹೆಸರಿತ್ತು, ಅದಕ್ಕೇ ಮಾಡಿದೆ. ಯಾರೋ ಗಂಡಸರು ಮಾತಾಡಿದ್ರು. ಮನೆಯವರೇ ಅಂತೆ. 'ಅಕ್ಕ ಇಸ್ತ್ರಿ ಹಾಕ್ತಿದಾಳೆ, ಕೈ ಬಿಡುವಿಲ್ಲ, ನಾವೇ ಗಾಡಿ ಕಳಿಸ್ತೀವಿ' ಅಂದ್ರು. ಬಹಳ ಮರ್ಯಾದಸ್ಥರು ಸಾರ್, ನಯವಾದ ಮಾತು."

"ಗಾಡಿ ಬಂತಾ?"

"ಬಂದು, ಹತ್ತಿಸಿಕೊಂಡು ಹೋಗಿದ್ದೂ ಆಯ್ತು. ಹುಡುಗನ ಖುಷಿ ನೋಡಬೇಕಿತ್ತು ನೀವು. ಹೋಗೋವಾಗ ತಿರುಗಿ ನಿಂತು, 'ಆಮೆ ಸಾಹೇಬರಿಗೆ ಥ್ಯಾಂಕ್ಸ್ ಹೇಳಿ' ಅಂದ. ಬೇಜಾರು ಮಾಡ್ಕೋಬೇಡಿ ಸಾರ್, ಹೆಸರು ನಾನು ಹೇಳಿಕೊಟ್ಟಿದ್ದಲ್ಲ."

ಫೋನು ಕಿವಿಯಲ್ಲೇ ಉಳಿಯಿತು. ಮೇಜಿನ ಮೇಲೆ ಬಿಳಿ ಅಂಗಿಯ ಸುಟ್ಟ ತೋಳು ಇನ್ನೂ ಸಣ್ಣಗೆ ಹೊಗೆಯಾಡುತ್ತಿತ್ತು.

"ಯಾಕೆ ಸಾರ್ ಮುಖ ಹಾಗಾಯ್ತು?" ಮುಗಿದ ಕೈಗಳನ್ನು ಇಳಿಸದೆ ಆ ಹೆಂಗಸು ಒಂದು ಹೆಜ್ಜೆ ಹತ್ತಿರ ಬಂದಳು. "ನಮ್ಮ ತಮ್ಮ ಒಳಗೇ ಇದಾನಲ್ಲ?"